ಎಡಗಡೆ ನಟ್ಟಿನ ಬಿಳಿ ಗೆರೆ

...ಅದಕ್ಕೇ ಹೇಳಿದ್ದು, ಚಕ್ರ ನೇರ ಇದೆಯಾ ಅಂತ ದಾರ ಕಟ್ಟಿ ಇನ್ನೊಂದು ಸಲ ನೋಡು ಅಂತ. ಕಾರಿನ ಕೆಳಗಿಂದ ಸ್ವಲ್ಪ ಆಚೆ ಬಾ, ಮುಖ ಕಾಣಲಿ. ಯಾಕೋ ನಗ್ತೀಯಾ? ಅಣ್ಣ ಅಂದ್ಮೇಲೆ ನಾಲ್ಕು ಮಾತು ಹೇಳೋದು ಇದ್ದದ್ದೇ.

ಬೆಳಿಗ್ಗೆ ನೀನು ಹಿಂದಿನ ಆಕ್ಸಲ್‌ಗೆ ಎರಡೂ ಕಡೆ ಹೊಸ ಆರ್ಮ್ ಹಾಕಿದೆ, ಚಕ್ರ ನೇರ ಕೂರಿಸೋಕೆ ಅಂತ ಉದ್ದ ಹೆಚ್ಚು ಕಡಿಮೆ ಮಾಡೋಕೆ ಬರೋ ಅಂಥದ್ದು. ಅಳತೆ ಹಿಡಿದೆ, ನಟ್ ಬಿಗಿ ಮಾಡಿದೆ, ಅದರ ಮೇಲೆ ಬಿಳಿ ಬಣ್ಣದ ಗೆರೆ ಎಳೆದೆ. ನಾನೇ ಕಲಿಸಿದ್ದಲ್ವಾ, ಗೆರೆ ಮುರಿದಿದ್ರೆ ನಟ್ ಅಲುಗಿದೆ ಅಂತ. ನೀನು ಮನೆಗೆ ಹೋಗಿ ಊಟ ಮಾಡಿ ಬಂದು ಓಡಿಸಿದ್ರೆ, ಕಾರು ಏಡಿ ಥರ ಓರೆ ಓರೆಯಾಗಿ ಹೋಗ್ತಿದೆ. ಏನ್ ಮಾಡೋಕಾಗುತ್ತೆ, ಎಲ್ಲರ ಕೈಯೂ ತಪ್ಪುತ್ತೆ... ನಿನ್ನ ಕೈಯೂ.

ಇಲ್ಲಪ್ಪ, ನನಗ್ಯಾಕೆ ಖುಷಿ? ಈ ಕಾರಿನ ಡಾಕ್ಟರಮ್ಮ ಹನ್ನೆರಡು ವರ್ಷ ನನ್ನ ಹತ್ರನೇ ಬರ್ತಿದ್ರು. ಈ ಸಲ ಬಾಗಿಲಲ್ಲೇ ನಿಂತು "ತಮ್ಮ ಇಲ್ವಾ?" ಅಂದ್ರು. ನಾನು ಕಣ್ಣೆದುರೇ ನಿಂತಿದ್ದೀನಿ, ಕೈಯಲ್ಲಿ ಜಾಕ್ ಬೇರೆ. ಹೊಟ್ಟೆ ಉರೀತು ಕಣೋ, ಸುಳ್ಳು ಯಾಕೆ ಹೇಳ್ಲಿ. ಸ್ಪ್ಯಾನರ್ ಹಿಡಿಯೋಕೆ ಬರ್ತಿರಲಿಲ್ಲ ನಿನಗೆ. ಈಗ ಎಲ್ಲರಿಗೂ ನೀನೇ ಬೇಕು. ಅಮ್ಮನೂ ಅಷ್ಟೇ, ಫೋನ್ ಎತ್ತಿದ ತಕ್ಷಣ "ಚಿಕ್ಕವನು ಊಟ ಮಾಡಿದ್ನಾ?"

ಇರಲಿ ಬಿಡು. ನಾಲ್ಕಕ್ಕೆ ಡಾಕ್ಟರಮ್ಮ ಬಂದುಬಿಡ್ತಾರೆ. ಬಲಗಡೆದು ಮುಟ್ಟಬೇಡ. ಎಡಗಡೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸು, ಸಾಕು.

ಏನು ಹಾಗೆ ನೋಡ್ತೀಯಾ? ಅರ್ಧ ಸುತ್ತು ಅಂತ ಹೇಗೆ ಗೊತ್ತಾಯ್ತು ಅಂತಾನಾ... ಇಪ್ಪತ್ತು ವರ್ಷದ ಅನುಭವ, ಕಣ್ಣಲ್ಲೇ ಅಳೀತೀನಿ. ಗೆರೆ ಮುರಿದಿಲ್ಲ ತಾನೇ? ಮತ್ತೆ? ನೀನು ಬಿಗಿ ಮಾಡುವಾಗಲೇ ತಪ್ಪಿದೆ, ಇನ್ನೇನು.

ಹೆಬ್ಬೆರಳು ಯಾಕೆ ತೋರಿಸ್ತೀಯಾ? ಬಣ್ಣ... ಹಸಿ ಇದೆಯಾ? ಬೆಳಿಗ್ಗೆ ಎಳೆದ ಗೆರೆ, ಈ ಸೆಖೆಗೆ... ಒಣಗಿಲ್ಲ ಅಂದ್ರೆ... ಆಮೇಲೆ ಯಾರೋ ಮತ್ತೆ ಎಳೆದಿದ್ದಾರೆ ಅಂತಾನಾ...

ನನ್ನ ಕೈ ನೋಡಬೇಡ್ವೋ. ಸೀಮೆಎಣ್ಣೆ ಹಾಕಿ ತೊಳೆದಿದ್ದೆ. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಉಳಿದಿದೆ.

ನೀನು ಊಟಕ್ಕೆ ಹೋದಾಗ ನಾನು ತಿರುಗಿಸಿದ್ದು ಅರ್ಧ ಸುತ್ತು ಅಷ್ಟೇ ಕಣೋ. ಒಂದು ಸಲ ಅವರು ನಿನ್ನ ಕೆಲಸ ನೋಡಿ ಮುಖ ಸಿಂಡರಿಸ್ಲಿ ಅಂತ... ಬೈದುಬಿಡು. ಸ್ಪ್ಯಾನರ್ ಯಾಕೆ ನನ್ನ ಕೈಗೆ ಕೊಡ್ತೀಯಾ?

ಅಗೋ, ಬಂದ್ರು. ನಿನ್ನನ್ನೇ ಕೇಳ್ತಿದ್ದಾರೆ, ಹೋಗು. ನಡೆದದ್ದು ಹೇಳು... ಯಾಕೋ ನನ್ನ ಕಡೆ ಕೈ ತೋರಿಸ್ತೀಯಾ?

ಕೇಳಿಸ್ತಾ ಅವರು ಅಂದದ್ದು? "ಓ, ಅಣ್ಣನೇ ನೋಡ್ತಿದ್ದಾರಾ, ಹಾಗಾದ್ರೆ ಚಿಂತೆ ಇಲ್ಲ..." ಬೇಡ ಕಣೋ, ಈ ಮರ್ಯಾದೆ ನನಗೆ ಬೇಡ. ಅವರ ಮುಂದೆನೇ ಬೈದುಬಿಡೋ.