ಟೌನ್ ಹಾಲಿಗೆ ಜಾಮೀನು ನಿಂತವರು

ಇವತ್ತು ನಮ್ಮನ್ನೆಲ್ಲ ಬಿಟ್ಟು ಮೈಸೂರಿಗೆ ಹೊರಟು ನಿಂತಿರುವ ಅಧ್ಯಕ್ಷರಾದ ಡಾಕ್ಟರ್ ಇಂದುಶೇಖರ ಅವರೇ, ಅವರ ಬಲಕ್ಕೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಕಾರ್ಯದರ್ಶಿ ಹರಿಪ್ರಸಾದರೇ, ಲೆಸ್ಟರಿನಿಂದ ಬಂದಿರುವ ಅತಿಥಿಗಳೇ, ಬಿಸಿಬೇಳೆಬಾತಿನ ವಾಸನೆ ಬಂದಾಗಿನಿಂದ ಹಿಂದಿನ ಬಾಗಿಲ ಕಡೆಗೇ ಕತ್ತು ತಿರುಗಿಸಿರುವ ಸಭಿಕರೇ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಧರ್ಮಪತ್ನಿ ಅಂಬುಜಾ ಅವರೇ,

ಬರ್ಮಿಂಗ್‌ಹ್ಯಾಮಿನ ವಿಕ್ಟೋರಿಯಾ ಚೌಕವನ್ನು ಕಟ್ಟಿದವನು ನಾನು.

ನಗಬೇಡಿ. ತೊಂಬತ್ತೆರಡನೇ ಇಸವಿಯಲ್ಲಿ ಆ ಚೌಕದಿಂದ ವಾಹನಗಳನ್ನೆಲ್ಲ ಹೊರಗೆ ಹಾಕಿ ಹೊಸದಾಗಿ ಕಲ್ಲು ಹಾಸುತ್ತಿದ್ದರು. ನಾನು ಆಗ ಬಸ್ ಡ್ರೈವರ್. ರಜೆಯ ದಿನ ನೋಡುತ್ತಾ ನಿಂತಿದ್ದವನನ್ನು ಒಬ್ಬ ಮೇಸ್ತ್ರಿ ಕರೆದು, ಒಂದು ಕೈ ಹಿಡಿಯಪ್ಪಾ ಎಂದ. ಹಿಡಿದೆ. ಒಂದೇ ಕಲ್ಲು, ಒಪ್ಪಿಕೊಳ್ಳುತ್ತೇನೆ. ಆದರೆ ಆ ಕಲ್ಲು ಇವತ್ತಿನವರೆಗೂ ಅಲುಗಿಲ್ಲ. ನಮ್ಮ ಸಂಘದಲ್ಲಿ ಅಷ್ಟು ಕಾಲ ಅಲುಗದೆ ನಿಂತ ಇನ್ನೊಂದು ವಸ್ತುವನ್ನು ಯಾರಾದರೂ ತೋರಿಸಿ ನೋಡೋಣ.

ಅಧ್ಯಕ್ಷರಿಗೆ ನೆನಪಿನ ಕಾಣಿಕೆಯಾಗಿ ಆ ಚೌಕದ ಚಿತ್ರ ಕೊಡುತ್ತಿದ್ದೇವೆ. ಪ್ರತಿ ಬೇಸಿಗೆಯಲ್ಲೂ ನಿಮ್ಮ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಥೆ ಹೇಳುವವನು ಈ ಮಲ್ಲಪ್ಪ. ಆದ್ದರಿಂದ ಹರಿಪ್ರಸಾದರು ಫೋನು ಮಾಡಿ, "ಅಂಕಲ್, ಐದೇ ನಿಮಿಷ. ಬರೀ ಸ್ಕ್ವೇರ್ ಬಗ್ಗೆ ಮಾತಾಡಿ, ಬೇರೆ ಏನೂ ಬೇಡ ಪ್ಲೀಸ್," ಎಂದರು. ಆಗಲಿ. ಬರೀ ಚೌಕದ ಬಗ್ಗೆಯೇ ಮಾತಾಡುತ್ತೇನೆ.

ಚಿತ್ರದ ನಡುವೆ ಗುಮ್ಮಟವಿರುವುದು ಕೌನ್ಸಿಲ್ ಹೌಸ್. ಮುಂದೆ ನಿಂತಿರುವುದು ವಿಕ್ಟೋರಿಯಾ ರಾಣಿ. ಈ ಚೌಕಕ್ಕೆ ಆಕೆಯ ಹೆಸರಿಟ್ಟದ್ದು ಸಾವಿರದ ಒಂಬೈನೂರ ಒಂದರ ಜನವರಿಯಲ್ಲಿ. ಹೆಸರಿಟ್ಟ ಹನ್ನೆರಡನೇ ದಿನಕ್ಕೆ ರಾಣಿ ತೀರಿಕೊಂಡಳು. ಇದನ್ನು ಓದಿದ ದಿನದಿಂದ ಸನ್ಮಾನ ಎಂದರೆ ನನಗೆ ಭಯ. ಭಯ ಇದ್ದೂ ಹೋಗಿ ಕೂತೆ, ಅದು ಬೇರೆ ಮಾತು.

ಮೆಟ್ಟಿಲುಗಳ ಮೇಲ್ತುದಿಯಲ್ಲಿ ಮಲಗಿರುವ ಕಂಚಿನ ಹೆಣ್ಣನ್ನು ಮಾಡಿದವರು ನಮ್ಮ ಗುಜರಾತಿನಲ್ಲಿ ಹುಟ್ಟಿದ ಶಿಲ್ಪಿ. ಸುತ್ತ ಕಾರಂಜಿ ಇತ್ತು. ನೀರು ಸೋರಿತು, ಮತ್ತೆ ಮತ್ತೆ ಸೋರಿತು. ಕೊನೆಗೆ ಹೋದ ವರ್ಷ ನೀರಿನ ಜಾಗದಲ್ಲಿ ಹೂವಿನ ಗಿಡ ನೆಟ್ಟರು. ಸೋರುವುದನ್ನು ಹೂವಿನಲ್ಲಿ ಮುಚ್ಚುವ ಪದ್ಧತಿ ನಮ್ಮ ಸಂಘದಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ.

ಈಗ ಎಡಗಡೆ ನೋಡಿ. ಎತ್ತರದ ಜಗಲಿಯ ಮೇಲೆ ಸಾಲಾಗಿ ಕಂಬ ನಿಲ್ಲಿಸಿದ ಹಾಗಿರುವ ಆ ದೊಡ್ಡ ಕಟ್ಟಡ ಟೌನ್ ಹಾಲ್. ರೋಮಿನ ಹಳೆಯ ದೇವಸ್ಥಾನದ ಮಾದರಿ. ಒಳಗೆ ಇಟ್ಟಿಗೆ, ಹೊರಗೆ ಸಮುದ್ರದ ಮೇಲೆ ತಂದ ಬಿಳಿಯ ಕಲ್ಲು. ನಕ್ಷೆ ಬರೆದವನು ಹ್ಯಾನ್ಸಮ್ ಎಂಬ ಇಪ್ಪತ್ತೆಂಟು ವರ್ಷದ ಹುಡುಗ, ಜೊತೆಗೊಬ್ಬ ಪಾಲುದಾರ. ಸ್ಪರ್ಧೆಯಲ್ಲಿ ಗೆದ್ದರು. ಊರೆಲ್ಲ ಹೊಗಳಿತು. ಹೊಗಳಿದ ಮೇಲೆ ಊರಿನವರು ಏನು ಕೇಳಿದರು ಗೊತ್ತೇ? ಕಟ್ಟುವ ಗುತ್ತಿಗೆದಾರರಿಗೆ ನೀವೇ ಜಾಮೀನು ನಿಲ್ಲಿ ಎಂದರು. ನಿಂತರು. ಖರ್ಚು ಲೆಕ್ಕ ಮೀರಿತು. ಹಾಲ್ ಎದ್ದು ನಿಂತಿತು, ಹ್ಯಾನ್ಸಮ್ ದಿವಾಳಿಯಾದ. ಆಮೇಲೆ ಒಂದು ಕುದುರೆಗಾಡಿ ಕಂಡುಹಿಡಿದ. ಲಂಡನ್ನಿನ ತುಂಬ ಓಡಿತು. ಅದರಲ್ಲೂ ಅವನಿಗೆ ಮಾತಾಡಿದ ಹಣ ಸಿಗಲಿಲ್ಲ. ಹಾಲ್ ಆಯಿತು, ಆಮೇಲೆ ಗಾಡಿ. ನನ್ನದು ಮೊದಲು ಗಾಡಿ, ಆಮೇಲೆ ಹಾಲ್. ಅಷ್ಟೇ ವ್ಯತ್ಯಾಸ.

ಹರಿಪ್ರಸಾದರೇ, ಚೀಟಿ ಕಳಿಸಬೇಡಿ. ಕನ್ನಡಕ ತಂದಿಲ್ಲ.

ಯಾವ ಹಾಲ್ ಎಂದು ಹೊಸಬರು ಕೇಳಬಹುದು. ನಾಲ್ಕು ವರ್ಷದ ಹಿಂದೆ ನಮ್ಮ ಸಂಘಕ್ಕೆ ಸ್ವಂತ ಕನ್ನಡ ಭವನ ಬೇಕು ಎಂದು ಹುರುಪು ಬಂತು. ಮುಚ್ಚಿಹೋದ ಒಂದು ಸ್ನೂಕರ್ ಕ್ಲಬ್ ಹತ್ತು ವರ್ಷದ ಲೀಸಿಗೆ ಸಿಕ್ಕಿತು. ಮಾಲೀಕ ಕೇಳಿದ್ದು ಒಂದೇ: ಸಾಲವಿಲ್ಲದ ಮನೆ ಇರುವವರು ಯಾರಾದರೂ ಜಾಮೀನು ಹಾಕಬೇಕು. ಸಮಿತಿಯಲ್ಲಿ ಹನ್ನೊಂದು ಜನ. ಏಳು ಜನ ಡಾಕ್ಟರು, ನಾಲ್ಕು ಜನ ಇಂಜಿನಿಯರು. ಹನ್ನೊಂದು ಜನರಿಗೂ ಮಾರ್ಟ್‌ಗೇಜು! ಇಡೀ ಸಂಘದಲ್ಲಿ ಪೂರ್ತಿ ತೀರಿದ ಮನೆ ಇದ್ದದ್ದು ಏಳನೇ ಕ್ಲಾಸು ಓದಿ, ಒಬ್ಬ ಡಾಕ್ಟರ ಮನೆಗೆ ಅಡುಗೆಯವನಾಗಿ ಬಂದು, ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಈ ಮಲ್ಲಪ್ಪನಿಗೆ.

ನನ್ನನ್ನು ಮನೆಗೆ ಬಂದು ಕೇಳಿದ್ದರೆ ಅಂಬುಜಾ ಒಳಗಿನಿಂದಲೇ ಬೇಡ ಅನ್ನುತ್ತಿದ್ದಳು. ನೀವು ಬುದ್ಧಿವಂತರು. ರಾಜ್ಯೋತ್ಸವದ ವೇದಿಕೆಗೆ ಕರೆದಿರಿ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಎಡಗೈಯಲ್ಲಿ ಹಣ್ಣಿನ ಬುಟ್ಟಿ. ಬಲಗೈ ಒಂದೇ ಖಾಲಿ ಇತ್ತು. ಅದಕ್ಕೆ ಪೆನ್ನು ಕೊಟ್ಟಿರಿ. ಇನ್ನೂರು ಜನ ಚಪ್ಪಾಳೆ ಹೊಡೆಯುತ್ತಿರುವಾಗ, ಪೇಟ ಕಟ್ಟಿಸಿಕೊಂಡವನು ಕಾಗದ ಓದುತ್ತಾ ನಿಲ್ಲುತ್ತಾನೆಯೇ? ಡಾಕ್ಟರು ನನ್ನ ಕಿವಿಯಲ್ಲಿ, "ಬರೀ ಫಾರ್ಮಾಲಿಟಿ ಮಲ್ಲಪ್ಪನವ್ರೇ, ನಾವೆಲ್ಲ ಇದೀವಲ್ಲ," ಎಂದರು.

ನಾನು ಹೇಳಿದೆ, "ಅದಕ್ಯಾಕೆ ಡಾಕ್ಟ್ರೇ ಇಷ್ಟು ಮಾತು? ಇನ್ನೂ ಎರಡು ಭವನ ಇದ್ರೆ ತನ್ನಿ, ಅದಕ್ಕೂ ಹಾಕ್ತೀನಿ."

ಆ ಮಾತಿಗೆ ಇನ್ನೊಂದು ಸಲ ಚಪ್ಪಾಳೆ ಬಂತು.

ಭವನ ಹದಿನೆಂಟು ತಿಂಗಳು ನಡೆಯಿತು. ಪಾರ್ಕಿಂಗ್ ಸರಿಯಿಲ್ಲ ಎಂದು ಕೆಲವರು ಬರಲಿಲ್ಲ. ಪೋಸ್ಟ್‌ಕೋಡ್ ಚೆನ್ನಾಗಿಲ್ಲ ಎಂದು ಕೆಲವರು ಬರಲಿಲ್ಲ. ಬಾಡಿಗೆ ಕಟ್ಟಲಾಗದೆ ಒಂದು ದಿನ ಬೀಗ ಬಿತ್ತು. ಮಾಲೀಕನ ವಕೀಲರ ಕಾಗದ ಸಂಘಕ್ಕೆ ಬರಲಿಲ್ಲ, ನನ್ನ ಬಾಗಿಲಿಗೆ ಬಂತು.

ನ್ಯಾಯವಾಗಿ ಹೇಳಬೇಕು. ಸಮಿತಿ ಸಭೆ ಕರೆಯಿತು. ಡಾಕ್ಟರು ಕೇಳಿದರು, "ಎಷ್ಟಾಯ್ತು ಹೇಳಿ ಮಲ್ಲಪ್ಪನವ್ರೇ, ಎಲ್ಲರೂ ಸೇರಿ ಹಾಕೋಣ." ಆಗ ಈ ನಾಲಗೆ ಏನು ಹೇಳಿತು? "ಬಿಡ್ರೀ ಅತ್ಲಾಗೆ! ನನ್ನ ಕಾಫಿ ಖರ್ಚು ಅದು. ನಿಮ್ಮ ಹತ್ರ ಕೈ ಚಾಚೋನಾ ಮಲ್ಲಪ್ಪ?" ಎಂದಿತು. ಹನ್ನೊಂದು ಜನವೂ ಒಟ್ಟಿಗೆ ಉಸಿರು ಬಿಟ್ಟಿರಿ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಸುಳ್ಳು ಹೇಳಿದೆ, ಅದು ನನ್ನ ತಪ್ಪು. ಆದರೆ ರೋಗಿಯೊಬ್ಬ ಬಂದು ನನಗೇನೂ ಆಗಿಲ್ಲ ಎಂದರೆ ನಂಬುವ ಡಾಕ್ಟರು ಯಾರಿದ್ದೀರಿ ಇಲ್ಲಿ? ನನ್ನನ್ನು ಮಾತ್ರ ಏಳು ಜನವೂ ನಂಬಿದಿರಿ. ಎರಡನೇ ಸಲ ಒಬ್ಬರೂ ಕೇಳಲಿಲ್ಲ. ಆರು ತಿಂಗಳಿಗೆ ನಾನು ಮನೆ ಮಾರಿ ಬಾಡಿಗೆ ಫ್ಲ್ಯಾಟಿಗೆ ಹೋದಾಗ ಮಂಡಿನೋವಂತೆ, ಮೆಟ್ಟಿಲು ಹತ್ತಲಾಗುವುದಿಲ್ಲವಂತೆ ಎಂದು ನೀವೇ ಒಬ್ಬರಿಗೊಬ್ಬರು ಹೇಳಿಕೊಂಡಿರಿ. ಪ್ರತಿ ವರ್ಷ ಚೌಕದ ಮೆಟ್ಟಿಲು ಹತ್ತಿಸಿ ನಿಮ್ಮ ಅತ್ತೆಯರಿಗೆ ಕಥೆ ಹೇಳುತ್ತಿದ್ದವನಿಗೆ ಎಂಥ ಮಂಡಿನೋವು?

ಮಂಡಿನೋವಿನ ಕಥೆ ಕಟ್ಟಿದವನೂ ನಾನೇ. ಮೊದಲು ಹೇಳಿದ್ದು ಅಂಬುಜಾಗೆ. ಭವನದಲ್ಲಿ ಹೋದದ್ದು ಎರಡು ಸಾವಿರ, ಉಳಿದದ್ದೆಲ್ಲ ಬ್ಯಾಂಕಿನಲ್ಲಿ ಭದ್ರ ಎಂದೆ. ಅವಳು ನಂಬಿದ್ದು ನಿಮ್ಮ ಹಾಗೆ ಅನುಕೂಲಕ್ಕಲ್ಲ. ಮೊನ್ನೆ ಆ ಹಣದಲ್ಲಿ ಕೊಳ್ಳಲು ಕಿಡರ್‌ಮಿನ್‌ಸ್ಟರಿನಲ್ಲಿ ಒಂದು ಮನೆ ನೋಡಿಟ್ಟಿದ್ದಾಳೆ. ಮೆಟ್ಟಿಲಿಲ್ಲದ್ದು, ಹಿಂದೆ ಮೆಂತ್ಯ ಹಾಕುವಷ್ಟು ಜಾಗ ಇರುವುದು. "ನಿಮ್ಮ ಮಂಡಿಗೋಸ್ಕರ ಕಣ್ರೀ," ಎಂದಳು. ಸೋಮವಾರ ಹನ್ನೊಂದು ಗಂಟೆಗೆ ಏಜೆಂಟ್ ಬೀಗ ತೆಗೆದು ತೋರಿಸುತ್ತಾನೆ.

ನಾಲ್ಕು ದಿನದಿಂದ ಹೇಳಲು ನೋಡುತ್ತಿದ್ದೇನೆ. ಅಡುಗೆಮನೆಯಲ್ಲಿ ಬಾಯಿ ಬರುವುದಿಲ್ಲ. ಮೈಕಿನ ಮುಂದೆ ಮಾತ್ರ ಬರುವ ಬಾಯಿ ಇದು. ಇದೇ ಬಾಯಿಂದ ಕೆಟ್ಟವನು, ಇದರಲ್ಲೇ ಹೇಳಿಬಿಡುತ್ತೇನೆ.

ಡಾಕ್ಟರೇ, ಚಿತ್ರವನ್ನು ಮೈಸೂರಿನ ಮನೆಯ ನಡುಮನೆಯಲ್ಲಿ ಹಾಕಿ. ಬಂದವರಿಗೆ ಆ ಟೌನ್ ಹಾಲ್ ತೋರಿಸಿ, ಜಾಮೀನು ನಿಂತವನ ಹೆಸರನ್ನೂ ಹೇಳಿ. ಕರೆದು ಮಾತಾಡಿಸಿದ ಸಮಿತಿಗೆ, ಇಷ್ಟು ಹೊತ್ತು ಹಸಿದು ಕೂತ ನಿಮಗೆ ಧನ್ಯವಾದ. ಶಾಲು ಬೇಡ ಹರಿಪ್ರಸಾದರೇ, ಒಂದಿದೆ. ನಮಸ್ಕಾರ.

ಅಂಬುಜಾ, ಸೋಮವಾರ ಹೋಗೋದು ಬೇಡ ಕಣೇ. ಹೋದದ್ದು ಎರಡು ಸಾವಿರ ಅಲ್ಲ. ಎಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು ಪೌಂಡು.