ಪಂಜರ ತೊಳೆದ ನೀರು

ಲ್ಯಾಬಿನ ಕೆಲಸಕ್ಕೆ ಸೇರುವಾಗ, ತನ್ನ ಕೈಯಿಂದ ಒಂದು ಜೀವವೂ ಹೋಗುವುದಿಲ್ಲವೆಂದು ಅವನು ಅಮ್ಮನಿಗೆ ಮಾತು ಕೊಟ್ಟಿದ್ದನಂತೆ. ಬೆಳಗಿನ ಬಸ್ಸಿನಲ್ಲಿ ಅದನ್ನು ನೆನಪಿಸಿದವಳು ಪಕ್ಕದಲ್ಲಿ ಕೂತಿದ್ದ ಅವನ ಅಕ್ಕ. ಮಗಳನ್ನು ಶಾಲೆಗೆ ಬಿಟ್ಟು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಹೆಂಗಸು ಅವರ ಮಾತು ಕಿವಿಗೆ ಬಿದ್ದು ಕಣ್ಣು ಬಿಟ್ಟಳು.

"ಇಲಿ ಉಚ್ಚೆ ಹಿಡಿಯೋದಷ್ಟೇ ಕೆಲಸ ಅಂದಿದ್ದೆಯಲ್ಲೋ," ಅನ್ನುತ್ತಿದ್ದಳು ಅಕ್ಕ.

"ಅಷ್ಟೇ ಇತ್ತಕ್ಕ. ಜಾಮು ಕೆಡದ ಹಾಗೆ ಹಾಕೋ ಪುಡಿ ತಿನ್ನಿಸೋದು, ಮೂರು ದಿನ ಉಚ್ಚೆ, ಹಿಕ್ಕೆ ಹಿಡಿದು ಎಷ್ಟು ಹೊರಗೆ ಬಂತು ಅಂತ ಅಳೆಯೋದು. ನೂರರಲ್ಲಿ ತೊಂಬತ್ತೊಂದು ಪಾಲೇ ಸಿಕ್ತು."

"ಮಿಕ್ಕ ಒಂಬತ್ತು?"

"ಲಿವರಿನಲ್ಲಿ ಕೂತಿರಬೇಕು, ಕೊಯ್ದು ನೋಡು ಅಂದ್ರು ಸಾಹೇಬ್ರು. ಕೊಯ್ಯೋರು ರಜದಲ್ಲಿದ್ರು. ಆರು ಇಲೀನೂ ನಾನೇ ಮುಗಿಸಿದೆ. ಕೈ ಹಾಕಿದ್ರೆ, ತಿನ್ನೋಕೆ ತಂದಿದ್ದಾನೆ ಅಂದ್ಕೊಂಡು ತೋಳು ಹತ್ತಿ ಬಂದ್ವು. ಈಗಲೂ ಅಂಗಿಯೊಳಗೆ ಓಡಾಡಿದ ಹಾಗಾಗುತ್ತೆ."

ಅವನ ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಚಿತ್ತು.

"ಲಿವರಿನಲ್ಲಿ ಸಿಕ್ತಾ?"

"ಇಲ್ಲ. ಪಂಜರ ತೊಳೆದ ನೀರನ್ನೂ ಅಳೀಬೇಕು, ಪಂಜರಕ್ಕೆ ಅಂಟಿದ ಉಚ್ಚೆ ಜೊತೆ ಪುಡಿ ಅದರಲ್ಲೂ ಇಳಿದಿರುತ್ತೆ. ನಾನು ಮರೆತು ಮೋರಿಗೆ ಚೆಲ್ಲಿಬಿಟ್ಟಿದ್ದೆ. ಎಲ್ಲಾ ಆದಮೇಲೆ ನೆನಪಾಯ್ತು."

"ಸಾಹೇಬ್ರಿಗೆ ಹೇಳಿದ್ಯಾ?"

"ಹೇಳಿದ್ರೆ ಕೆಲಸ ಹೋಗುತ್ತೆ."

"ಆಗಿದ್ದು ಆಗಿಹೋಯ್ತು, ಬಿಡು."

"ಆಗಿಹೋಗಿಲ್ಲಕ್ಕ. ಇವತ್ತು ಇನ್ನೂ ಆರು ಇಲಿ. ಕೊಬ್ಬಿನಲ್ಲಿ ಹುಡುಕಬೇಕಂತೆ."

ಲ್ಯಾಬಿನ ಸ್ಟಾಪು ಬಂತು. ಅವನು ಎದ್ದ.

"ಮೊದಲು ಸಾಹೇಬ್ರ ಹತ್ರ ಹೋಗೋ, ನನ್ನಪ್ಪ."

"ಅವರು ಬರೋದು ಹತ್ತಕ್ಕೆ. ಅಷ್ಟರೊಳಗೆ ಮುಗಿಸಿಡು ಅಂದಿದ್ದಾರೆ."

ಇಳಿದವನು ತಿರುಗಿ ನೋಡದೆ ಗೇಟಿನೊಳಗೆ ಹೋದ. ಅಮ್ಮನಿಗೆ ಕೊಟ್ಟ ಮಾತು ಎರಡನೇ ಸಲವೂ ಮುರಿಯಿತು.