ಕೇಳುವ ಮೊದಲೇ ಕುಡಿದ ಕಾಫಿ

ಹಲೋ... ಹಾಂ, ಯಾರು ಮಾತಾಡ್ತಿರೋದು?... ಕಾವಲಿನವನಾ? ನಾನಪ್ಪಾ, ನಿಮ್ಮ ಸಾಹೇಬರ ಅಕ್ಕ ಹಿಯಾಮ್, ನಬ್ಲುಸಿನಿಂದ. ಅವನ ಕೈಗೆ ಕೊಡು... ಮೀಟಿಂಗಾ? ಹುಡುಗಿ ಮನೆ ಮುಂದೆ ಜೀಪಲ್ಲಿ ಮುಖ ಊದಿಸ್ಕೊಂಡು ಕೂತಿದಾನೆ ಅಂತ ನನ್ನ ಮಗ ಬಾಸಿಲ್ ಆಗಲೇ ಹೇಳಿದಾನೆ. ಕೊಡೋ...

ವಾಸಿಫ್, ಏನೋ ಇದು? ಬಾಸಿಲ್‌ಗೆ ಹುಡುಗಿ ಕೇಳೋಕೆ ಹಿರಿಯರನ್ನೆಲ್ಲ ಕಟ್ಕೊಂಡು ಹೋದವನು, ಕೇಳೋ ಮೊದಲೇ ಕಾಫಿ ಕುಡಿದುಬಿಟ್ಟೆಯಂತೆ?...

ಬಾಯಾರಿತ್ತಾ! "ಹುಡುಗೀನ ಕೊಟ್ವಿ" ಅಂತ ಅವಳಪ್ಪ ಅನ್ನೋವರೆಗೂ ಕಪ್ಪು ಮುಟ್ಟಬಾರದು ಅಂತ ನಮ್ಮ ಬೀದಿ ಬೆಕ್ಕಿಗೂ ಗೊತ್ತು ಕಣೋ. ಜೈಲಲ್ಲಿ ವಾರಗಟ್ಟಲೆ ಉಪವಾಸ ಕೂತವನಿಗೆ ಒಂದು ಗುಟುಕು ತಡೆಯೋಕಾಗ್ಲಿಲ್ವಾ?... "ಕಾಫಿ ಆಯ್ತಲ್ಲ, ಹೋಗಿಬನ್ನಿ" ಅಂದ್ರಾ? ಕುಡಿದ್ರೆ ಬಂದ ಕೆಲಸ ಮುಗೀತು ಅಂತಲೇ ಅರ್ಥ, ಅನ್ನದೆ ಇನ್ನೇನಂತಾರೆ!

ಬೇಡ, ನಿನ್ನ ಪ್ರವರ ಬೇಡ. ಸೈನಿಕರ ಮೇಲೆ ಕಲ್ಲು ಎಸೆದು ಜೈಲಿಗೆ ಹೋದೆ, ಗಡೀಪಾರಾಗಿ ಟ್ಯುನಿಸ್‌ಗೆ ಹೋದೆ, ವಾಪಸ್ ಬಂದು ಭದ್ರತಾ ಪಡೆಗೆ ಮುಖ್ಯಸ್ಥನಾದೆ, ಮಂತ್ರಿಯಾದೆ. ಆ ಮಂತ್ರಿಗಿರಿ ಒಲೆ ಮೇಲಿನ ಬೇಳೆ ಬೇಯೋದ್ರೊಳಗೆ ಹೋಯ್ತು, ಬಿಡು... ನಗ್ತಿಲ್ಲಪ್ಪಾ. ಊರಿಗೆ ದೊರೆಯಾದ್ರೂ ಅಕ್ಕನಿಗೆ ತಮ್ಮನೇ.

ಹಾಂ?... ಹುಡುಗಿ ಅಪ್ಪ ಹಳೇ ಸೇಡು ತೀರಿಸ್ಕೊಂಡ್ರು ಅಂತೀಯಾ? ರಬ್ಹಿ ಮೇಷ್ಟ್ರಾ? ಚೌಕದಲ್ಲಿ ನಿನ್ನ ಬೈದ್ರು ಅಂತ ನಿನ್ನ ಪಡೆಯವರೇ ಅಲ್ವಾ ಅವರನ್ನ ಎಳ್ಕೊಂಡು ಹೋಗಿ ಕೂಡಿಹಾಕಿದ್ದು?... ಮರೆತಿದ್ದೆಯಾ? ಅವರು ಮರೀಲಿಲ್ಲ. ಆದ್ರೂ ಬಾಗಿಲು ತೆಗೆದು ಕೂರಿಸಿದ್ರಲ್ಲೋ!

ಏನು, ಗವರ್ನರ್ ಕೈಲಿ ಹೇಳಿಸ್ತೀಯಾ? ಥೂ, ನಾಚಿಕೆ ಆಗಲ್ವಾ!... ನೀನು ಆಜ್ಞೆ ಮಾಡಿ ಗೊತ್ತು, ಕೇಳಿ ಗೊತ್ತಿಲ್ಲ. ಕೊಟ್ಟೇ ಕೊಡ್ತಾರೆ ಅಂದ್ಕೊಂಡು ಕುಡಿದೆ. ಅಪ್ಪ ಇಲ್ಲದ ಮಗ ಕಣೋ ಬಾಸಿಲ್, ಅವನ ಪರವಾಗಿ ಕೇಳೋಕೆ ನಿನ್ನ ಬಿಟ್ರೆ ಯಾರಿದಾರೆ? ಆ ಹುಡುಗಿ ಸಿಗದಿದ್ರೆ ಅವನು ಮದುವೇನೇ ಒಲ್ಲೆ ಅಂತಾನೆ...

ಜೀಪಿಂದ ಇಳಿ. ಬಂದೂಕಿನವರು ಅಲ್ಲೇ ಇರಲಿ, ಒಬ್ಬನೇ ಮೇಷ್ಟ್ರ ಮನೆಗೆ ವಾಪಸ್ ಹೋಗು...

ಏನಂದೆ? ಜೋರಾಗಿ ಹೇಳು... "ತಪ್ಪಾಯ್ತು" ಅಂದೆಯಾ? ಯಾ ಅಲ್ಲಾಹ್!... ನನಗಲ್ಲ ಕಣೋ ದಡ್ಡ, ಅವರಿಗೆ ಹೇಳು. ಬಾಗಿಲು ತಟ್ಟು...

ವಾಸಿಫ್?... ಯಾರು?... ಓ, ಮೇಷ್ಟ್ರಾ! ನಮಸ್ಕಾರ, ನಾನು ಬಾಸಿಲ್ ತಾಯಿ. ನನ್ನ ತಮ್ಮ ಏನಾದ್ರೂ ಹೇಳಿದ್ನಾ?... ಫೋನ್ ನಿಮ್ಮ ಕೈಗೆ ಕೊಟ್ಟು ತಲೆ ತಗ್ಗಿಸಿದಾನಾ?... ಅಯ್ಯೋ, ಬಾಗಿಲು ಹಾಕ್ಬೇಡಿ. ಇನ್ನೊಂದು ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ, ಈಗಷ್ಟೇ ಕಲೀತಿದಾನೆ. ನೀವು ಎಂತೆಂಥ ದಡ್ಡರಿಗೆ ಕಲಿಸಿಲ್ಲ!... ಹಾಂ? ಬಾಯಿ ತೆರೆದ್ನಾ?... "ತಪ್ಪಾಯ್ತು" ಅಂದ್ನಾ?... ಹಲೋ? ಮೇಷ್ಟ್ರೇ?... ಹಲೋ?